ಸುದ್ದಿ ಟೀವಿಯದ್ದು, ನಂಬಿಕೆ ಮೇಷ್ಟ್ರ ಮೇಲೆ

ಟೀವಿಯವರು ಜನರ ತಲೆ ಕೆಡಿಸ್ತಾರೆ ಅಂತ ಎಲ್ಲರೂ ಬೈತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತೆ. ಸುದ್ದಿ ಟೀವಿಯಿಂದ ಬರುತ್ತೆ ನಿಜ, ಆದರೆ ಅದನ್ನು ನಂಬಬೇಕಾ ಬೇಡ್ವಾ ಅಂತ ನಾವು ಕೇಳೋದು ಗೊತ್ತಿರೋ ಯಾರನ್ನೋ, ಅಲ್ವಾ?

1940ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಸಮಾಜವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಇದನ್ನೇ ಕಂಡಿತು. ಆಗ ರೂಸ್‌ವೆಲ್ಟ್ ಮತ್ತು ವಿಲ್ಕಿ ನಡುವೆ ಅಧ್ಯಕ್ಷ ಚುನಾವಣೆ. ರೇಡಿಯೋ, ಪೇಪರು ಓಟನ್ನು ಎಷ್ಟು ತಿರುಗಿಸುತ್ತವೆ ಅಂತ ನೋಡೋಕೆ ಹೋದವರು ಅವರು. ತಿಂಗಳುಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿದಾಗ ಗೊತ್ತಾಗಿದ್ದು, ಪೇಪರು ಜಾಸ್ತಿ ಓದುವ ಕೆಲವರು ಇರ್ತಾರೆ, ಮಿಕ್ಕವರು ಅವರ ಮಾತು ಕೇಳ್ತಾರೆ ಅಂತ. ಆ ಕೆಲವರು ಸಾಹುಕಾರರೇ ಆಗಿರಬೇಕಿರಲಿಲ್ಲ. ಪ್ರತಿ ಕಸುಬಿನವರಲ್ಲೂ ಅಂಥವರಿದ್ದರು.

ನಮ್ಮಲ್ಲೂ ಹೀಗೇ. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ, 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ, ಇಬ್ಬರ ಕಣ್ಣೂ ದಾನವಾದವು. ಅಪ್ಪು ಹೋದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಟೀವಿಯಲ್ಲಿ ದಿನವಿಡೀ ಅದೇ. ಆದರೂ ನಮ್ಮೂರಲ್ಲಿ ಹಳಬರಿಗೆ ಭಯ ಹೋಗಲಿಲ್ಲ, ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ತೀವಿ ಅಂತ. ಆ ಭಯಕ್ಕೆ ಉತ್ತರ ಕೊಟ್ಟವರು ನಮ್ಮ ನಿವೃತ್ತ ಮೇಷ್ಟ್ರು. ಸಂಜೆ ಡೈರಿಗೆ ಹಾಲು ಹಾಕೋಕೆ ಬಂದವರು ಕ್ಯಾನು ಕೆಳಗಿಟ್ಟು ಕೇಳ್ತಿದ್ದರು. "ಮುಖ ಏನೂ ಕೆಡಲ್ಲ ಕಣ್ರೋ, ಇಪ್ಪತ್ತು ನಿಮಿಷದ ಕೆಲಸ. ನಾನೂ ಬರೆಸಿದೀನಿ, ನನ್ನ ಹೆಂಡ್ತಿನೂ ಬರೆಸಿದಾಳೆ" ಅಂದರು ಮೇಷ್ಟ್ರು. ಅಷ್ಟೇ ಸಾಕಾಯ್ತು. ಅಪ್ಪು ಮೇಲಿನ ಪ್ರೀತಿ ಎಲ್ಲರಿಗೂ ಇತ್ತು, ಧೈರ್ಯ ಬಂದಿದ್ದು ಮಾತ್ರ ಮೇಷ್ಟ್ರ ಮಾತಿನಿಂದ.

ಇದೇ ನಂಬಿಕೆ ಕೊಲ್ಲುತ್ತೆ ಕೂಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಿ, ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಸಾಯಿಸಿದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟ್‌ಗೆ ಕಳಿಸೋ ಹಾಗೆ ಮಿತಿ ತಂದಿತು. ಒಳ್ಳೇದೇ. ಆದರೆ ಊರಲ್ಲಿ ನಾಲ್ಕು ಜನ ನಂಬೋ ಒಬ್ಬ ಒಂದೇ ಗ್ರೂಪಿಗೆ ಹಾಕಿದರೂ ಸಾಕು, ಪೂರ್ತಿ ಊರು ಎದ್ದು ನಿಲ್ಲುತ್ತೆ.

ಅದಕ್ಕೇ ನನ್ನ ಕೋರಿಕೆ ಚಾನೆಲ್‌ನವರಿಗಲ್ಲ, ನಿಮಗೆ. ನಿಮ್ಮ ಮನೆಯಲ್ಲಿ, ಸಂಘದಲ್ಲಿ ಯಾವುದೇ ಸುದ್ದಿ ಬಂದರೂ "ಅವರನ್ನ ಕೇಳಿ" ಅಂತ ನಿಮ್ಮ ಕಡೆ ತೋರಿಸ್ತಾರಾ? ಹಾಗಿದ್ದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಸುಮ್ನೆ ಫಾರ್ವರ್ಡ್ ಮಾಡಬೇಡಿ. ಗೊತ್ತಿರೋದನ್ನು ಬಾಯಿಬಿಟ್ಟು ಹೇಳಿ. ಕಣ್ಣು ಬರೆಸಿದ್ದರೆ ಇವತ್ತೇ ಮನೆಯವರಿಗೆ ತಿಳಿಸಿ. ಯಾಕಂದ್ರೆ ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಫೋನ್ ಮಾಡಿ ಒಪ್ಪಿಗೆ ಕೊಡಬೇಕಾದವರು ಅವರೇ.