ಎಪಿಡೌರೋಸ್‌ಗೆ ಹೋದರೆ ದಯವಿಟ್ಟು ಸ್ವಲ್ಪ ಕೂತುಕೊಳ್ಳಿ

ನಿನ್ನೆಯಿಂದ ಮನಸ್ಸು ಕುದಿಯುತ್ತಿದೆ. ಗ್ರೀಸಿನ ಎಪಿಡೌರೋಸ್ ರಂಗಮಂದಿರ ನೋಡಬೇಕೆನ್ನುವುದು ನನ್ನ ಎಷ್ಟು ವರ್ಷದ ಆಸೆ ಅಂತ ನಿಮಗೆ ಗೊತ್ತೇ ಇದೆ. ಕೊನೆಗೂ ಹೋದೆ. ಮೇಲಿನ ಕೊನೆಯ ಸಾಲಿನಲ್ಲಿ ಕೂತಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕು ಗುಂಪು ಬಂದವು. ನಾಲ್ಕೂ ಮಾಡಿದ್ದು ಒಂದೇ. ಒಬ್ಬರು ನಡುವೆ ನಿಂತು ಚಪ್ಪಾಳೆ ತಟ್ಟುವುದು, ನಾಣ್ಯ ಬೀಳಿಸುವುದು, ಮೇಲಿದ್ದವರು ಕೇಳಿಸ್ತು ಎಂದು ಕೈ ಬೀಸುವುದು, ಒಂದು ಫೋಟೋ, ಆಮೇಲೆ ಬಸ್ಸು. ಒಬ್ಬರೂ ಕೂರಲಿಲ್ಲ. ಕೂರುವುದಕ್ಕೆಂದೇ ಕಟ್ಟಿದ ಜಾಗ ಕಣ್ರೀ ಅದು!

ಕ್ರಿಸ್ತಪೂರ್ವ 4ನೇ ಶತಮಾನದ ಕೊನೆಗೆ ಗುಡ್ಡದ ಇಳಿಜಾರಿಗೇ ಒರಗಿಸಿ ಕಟ್ಟಿದ್ದು. ಕೆಳಗೆ 34 ಸಾಲು, ಆಮೇಲಿನ ಕಾಲದಲ್ಲಿ ಮೇಲೆ ಸೇರಿಸಿದ್ದು 21. ಸುಮಾರು 13 ಸಾವಿರ ಜನ ಕೂರಬಹುದು. ಕೂತು ಕಲ್ಲನ್ನು ಕೈಯಿಂದ ಸವರಿ ನೋಡಿ. ಮುಂದಿನ ಅಂಚು ಕೂರಲು, ಹಿಂದಿನ ಭಾಗ ತುಸು ತಗ್ಗು. ಆ ತಗ್ಗು ಹಿಂದಿನ ಸಾಲಿನವರ ಕಾಲಿಗೆ. ಯಾರ ಕಾಲೂ ಯಾರ ಬೆನ್ನಿಗೂ ತಾಗಬಾರದು ಅಂತ ಅಷ್ಟು ಯೋಚನೆ ಮಾಡಿದ್ದಾರೆ.

ಇನ್ನೊಂದು ಮಾತು. ಪಕ್ಕದಲ್ಲೇ ಕಾಯಿಲೆ ವಾಸಿ ಮಾಡುವ ಗ್ರೀಕ್ ದೇವರು ಅಸ್ಕ್ಲೇಪಿಯಸ್‌ನ ಕ್ಷೇತ್ರ. ಕಾಯಿಲೆಯವರು ದೂರದಿಂದ ಬಂದು, ದೇವರು ಕನಸಿನಲ್ಲಿ ಬರಲಿ ಎಂದು ಅಲ್ಲೇ ಮಲಗುತ್ತಿದ್ದರು. ಆ ಕ್ಷೇತ್ರದ ರಂಗಮಂದಿರ ಇದು. ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಕಳೆದ ಎರಡು ತಿಂಗಳು ನೆನಪಾಯಿತು. ಆಗ ಅವಳು ನನ್ನಿಂದ ಕೇಳಿದ್ದು ಒಂದೇ, ನಿನ್ನ ನಾಟಕದ ಮಾತು ಸ್ವಲ್ಪ ಹೇಳೋ ಅಂತ. ಅಲ್ಲಿ ಕೂತು ಅತ್ತೆ.

ಅಷ್ಟು ದೂರ ಹೋದವರು ಸದ್ದು ಪರೀಕ್ಷೆ ಮಾಡಬಾರದಾ ಅಂತ ನೀವು ಕೇಳಬಹುದು. ಮಾಡಲಿ. ಆದರೆ ನಡುವೆ ನಾಣ್ಯ ಬಿದ್ದರೂ ಕೊನೆಯ ಸಾಲಿಗೆ ಸ್ಪಷ್ಟವಾಗಿ ಕೇಳುತ್ತದೆ ಎನ್ನುವ ಆ ಕಥೆಯೂ ಪೂರ್ತಿ ನಿಜ ಅಲ್ಲ. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಅಳತೆ ಮಾಡಿ ಹೇಳಿದರು: ನಾಣ್ಯ ಬಿದ್ದಿದ್ದು ಮೇಲಿನವರೆಗೂ ಕೇಳುತ್ತದೆ, ಆದರೆ ಅದು ನಾಣ್ಯವೇ ಎಂದು ಗೊತ್ತಾಗುವುದು ಅರ್ಧದವರೆಗೆ ಮಾತ್ರ. ಪಿಸುಮಾತು ಅರ್ಥವಾಗುವುದು ಮುಂದಿನವರಿಗಷ್ಟೇ. ಕೊನೆಯ ಸಾಲಿಗೂ ತಿಳಿಯುವುದು ಯಾವುದು ಗೊತ್ತಾ? ನಟ ಗಂಟಲು ತೆರೆದು ಆಡಿದ ಮಾತು! ಕೊನೇ ಬೆಂಚಿಗೆ ಮುಟ್ಟಿಸು ಅಂತ ನಮ್ಮ ಮೇಷ್ಟ್ರು ಬೈಯುತ್ತಿದ್ದರಲ್ಲ, ಅದೇ. ಆ ಕಲ್ಲುಗಳು ಕಾಯುವುದು ನಟನಿಗಾಗಿ, ಅವನ ಮಾತು ಕೇಳುತ್ತಾ ಕೂತವರಿಗಾಗಿ. ಸುಮ್ನೆ ಚಪ್ಪಾಳೆ ತಟ್ಟಿ ಓಡಿದರೆ ಏನು ಸಿಕ್ಕ ಹಾಗಾಯ್ತು?

1955ರಿಂದ ಅಲ್ಲಿ ಬೇಸಿಗೆಯಲ್ಲಿ ನಾಟಕೋತ್ಸವ ನಡೆಯುತ್ತದೆ. ಈ ಸಲ ನನಗೆ ಆಗಲಿಲ್ಲ. ಮುಂದಿನ ಬೇಸಿಗೆಗೆ ಈಗಿನಿಂದಲೇ ದುಡ್ಡು ಕೂಡಿಡುತ್ತಿದ್ದೇನೆ. ಜೊತೆಗೆ ಯಾರು ಬರ್ತೀರಿ, ಹೇಳಿ.