ಪರ-ವಿರೋಧ: ಆಳಸಮುದ್ರದ ಅನಿಲಕ್ಕೆ ಇಷ್ಟು ಹಣ ಸುರಿಯಬೇಕೆ?

ಪರ

ದೇಶ ಬಳಸುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಹಡಗಿನಲ್ಲಿ ಬರುತ್ತದೆ. ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಬೇಕು, ಸಾಗಿಸಬೇಕು, ದಹೇಜ್‌ನಂಥ ಬಂದರಿನಲ್ಲಿ ಮತ್ತೆ ಅನಿಲ ಮಾಡಬೇಕು. ಆಂಧ್ರದ ಕರಾವಳಿಯಾಚೆ, ಕೃಷ್ಣಾ-ಗೋದಾವರಿ ಕೊಳ್ಳದಲ್ಲಿರುವ ಡಿ6 ಎಂಬ ಕಡಲ ಬ್ಲಾಕಿನ ಅನಿಲಕ್ಕೆ ಈ ಸುತ್ತು ಬೇಕಿಲ್ಲ. ಕಾಕಿನಾಡದ ಬಳಿಯ ಗಾಡಿಮೊಗದಲ್ಲಿ ದಡ ಹತ್ತಿದ್ದು ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ ಹಾದು ಭರೂಚ್‌ವರೆಗೆ ಕೊಳವೆಯಲ್ಲೇ ಹೋಗುತ್ತದೆ.

ಅಷ್ಟು ಆಳದಲ್ಲಿ ಆಗುವ ಕೆಲಸವೇ ಎನ್ನುವವರು 2020ರ ಡಿಸೆಂಬರ್‌ನಲ್ಲಿ ಶುರುವಾದ ಡಿ6ರ ಆರ್ ಕ್ಲಸ್ಟರ್ ಕ್ಷೇತ್ರವನ್ನು ನೋಡಲಿ. ನೀರಿನ ಆಳ 2,000 ಮೀಟರ್‌ಗೂ ಹೆಚ್ಚು. ತಳದಲ್ಲಿ ಒತ್ತಡ 200 ಬಾರ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 200 ಪಟ್ಟು; ನೀರು ಮೂರು-ನಾಲ್ಕು ಡಿಗ್ರಿಯಷ್ಟು ತಣ್ಣಗೆ. ಅಂಥ ಕಡೆ ಕಾಡುವುದು ಹೈಡ್ರೇಟ್. ಬಾವಿಯಿಂದ ಬಿಸಿಯಾಗಿ ಬಂದ ಅನಿಲ ಕೊಳವೆಯಲ್ಲಿ ಆರುತ್ತಿದ್ದಂತೆ ಜೊತೆಯ ನೀರು ಮೀಥೇನನ್ನು ಒಳಗಿಟ್ಟುಕೊಂಡು ಗಡ್ಡೆ ಕಟ್ಟುತ್ತದೆ. ನೋಡಲು ಮಂಜುಗಡ್ಡೆಯೇ, ಆದರೆ ಒತ್ತಡ ಹೆಚ್ಚಿದ್ದರೆ 20 ಡಿಗ್ರಿಯಲ್ಲೂ ಕರಗದು. ಆದ್ದರಿಂದ ಬಾವಿಯ ಬಾಯಲ್ಲೇ ಗಡ್ಡೆ ಕಟ್ಟದಂತೆ ತಡೆಯುವ ಮೊನೋಎಥಿಲೀನ್ ಗ್ಲೈಕಾಲ್ ಎಂಬ ದ್ರವ ಬೆರೆಸುತ್ತಾರೆ. ದಡಕ್ಕೆ ಬಂದ ಮೇಲೆ ನೀರನ್ನು ಕುದಿಸಿ ಹಾರಿಸಿ, ಉಪ್ಪು ತೆಗೆದು, ಅದೇ ಗ್ಲೈಕಾಲನ್ನು ಮತ್ತೆ ಬಾವಿಗೆ ಕಳಿಸುತ್ತಾರೆ. ಉಪ್ಪು ಉಳಿದರೆ ಪೈಪಿನೊಳಗೆ ಕರೆ ಕಟ್ಟುತ್ತದೆ. ಇಷ್ಟಾದರೂ ಗಡ್ಡೆ ಕಟ್ಟಿತೆನ್ನಿ, ಎರಡೂ ಬದಿಯ ಒತ್ತಡವನ್ನು ಸಮವಾಗಿ, ನಿಧಾನವಾಗಿ ಇಳಿಸಬೇಕು. ಒಂದೇ ಬದಿ ಇಳಿಸಿದರೆ ಗಡ್ಡೆ ಗುಂಡಿನಂತೆ ನುಗ್ಗಿ ಕೊಳವೆಯ ತಿರುವನ್ನೇ ಸೀಳೀತು.

ಇದನ್ನೆಲ್ಲ ನಮ್ಮವರು ಕೈಯಾರೆ ಮಾಡಿ ಕಲಿತಿದ್ದಾರೆ. 2023ರಲ್ಲಿ ಹೆಚ್ಚು ಒತ್ತಡ, ಹೆಚ್ಚು ಉಷ್ಣತೆಯ ಎಂಜೆ ಕ್ಷೇತ್ರವೂ ಡಿ6ರಲ್ಲೇ ಶುರುವಾಯಿತು. ಅಂದಾಜು ತಪ್ಪಿ ನಿಂತುಹೋದ ಡಿ6ರ ಹಳೆಯ ಡಿ1-ಡಿ3 ಕ್ಷೇತ್ರಗಳ ಹೆಸರು ಹೇಳಿ ಹೆದರಿಸುವವರಿಗೆ ಕೊಳವೆಯಲ್ಲಿ ಹರಿಯುತ್ತಿರುವ ಅನಿಲವೇ ಉತ್ತರ. ಗೊಬ್ಬರದ ಕಾರ್ಖಾನೆಗೆ ಅನಿಲ ಬೇಕು, ಅದು ನಮ್ಮ ಕಡಲಲ್ಲೇ ಇದೆ.

ವಿರೋಧ

ಗ್ಲೈಕಾಲ್ ಬೆರೆಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಧಾಟಿಯ ವಾದವಿದು. ತೊಂದರೆ ಇರುವುದು ಕೊಳವೆಗೂ ಕೆಳಗೆ, ಅನಿಲ ಅಡಗಿರುವ ಮರಳುಗಲ್ಲಿನ ಪದರದಲ್ಲಿ.

ಡಿ6ರಿಂದ ಮೊದಲು ಅನಿಲ ಬಂದದ್ದು 2009ರ ಏಪ್ರಿಲ್‌ನಲ್ಲಿ. ಗುರಿ ದಿನಕ್ಕೆ 8 ಕೋಟಿ ಘನ ಮೀಟರ್. 2010ರಲ್ಲಿ 6 ಕೋಟಿ ದಾಟಿ, ಅಲ್ಲಿಂದ ಇಳಿಯಿತು. ಡಿ1-ಡಿ3ರಲ್ಲಿ 10 ಟ್ರಿಲಿಯನ್ ಘನ ಅಡಿಗೂ ಹೆಚ್ಚು ಸಿಗುತ್ತದೆಂಬ ಅಂದಾಜು ಸುಮಾರು 3ಕ್ಕೆ ಬಂದು ನಿಂತಿತು. 2020ರ ಫೆಬ್ರವರಿಯಲ್ಲಿ ಆ ಕ್ಷೇತ್ರಗಳ ಉತ್ಪಾದನೆಯೇ ನಿಂತಿತು.

ಅನಿಲದ ಒತ್ತಡ ಇಳಿದಂತೆ ಅಡಿಯ ನೀರು ಮೇಲೇರುತ್ತದೆ, ಮರಳನ್ನೂ ಎಳೆದು ತರುತ್ತದೆ. ಮರಳು, ಹರಿವನ್ನು ಹತೋಟಿಯಲ್ಲಿಡುವ ಚೋಕ್ ವಾಲ್ವನ್ನು ಸವೆಸುತ್ತದೆ. ಅನಿಲದ ವೇಗ ತಗ್ಗಿ ನೀರನ್ನು ಎತ್ತಲಾಗದೆ ಹೋದಾಗ ಬಾವಿಯೊಳಗೆ ನೀರು ನಿಂತು ಹರಿವೇ ಸಾಯುತ್ತದೆ. ನೆಲದ ಮೇಲಾದರೆ ಲಾರಿಯ ಮೇಲೆ ರಿಗ್ ತಂದು ಸರಿಮಾಡಬಹುದು. ಇಲ್ಲಿ ದಿನಕ್ಕೆ ಲಕ್ಷಾಂತರ ಡಾಲರ್ ಬಾಡಿಗೆಯ ಕೊರೆಯುವ ಹಡಗು ಬೇಕು, ಬಂಗಾಳಕೊಲ್ಲಿಯ ಚಂಡಮಾರುತ ತಪ್ಪಿಸಿ. ಲೆಕ್ಕ ಗಿಟ್ಟದೆ ಬಾವಿಯನ್ನು ಬಿಟ್ಟುಬಿಡುತ್ತಾರೆ.

ಡಿ6ಕ್ಕಾಗಿ ಸರ್ಕಾರ ಕಂಪನಿಗೆ ಕೊಟ್ಟ ಗುತ್ತಿಗೆಯಲ್ಲಿ ಮೊದಲು ಕಂಪನಿಯ ಖರ್ಚು ವಸೂಲು, ಆಮೇಲೆ ಸರ್ಕಾರದ ಲಾಭದ ಪಾಲು. ಅಂದಾಜು ತಪ್ಪಿದಾಗ ಕಡಿಮೆಯಾಗುವುದು ಸಾರ್ವಜನಿಕರ ಪಾಲೇ.

ಹರಿಯುತ್ತಿರುವ ಬಾವಿಗಳನ್ನು ಮುಚ್ಚಿ ಎನ್ನುವ ವಾದ ನನ್ನದಲ್ಲ, ಅವು ಹರಿಯಲಿ. ಹೊಸ ಕ್ಷೇತ್ರಕ್ಕೆ ಒಪ್ಪಿಗೆ ಕೊಡುವ ಮುನ್ನ ಇನ್ನಷ್ಟು ಪರೀಕ್ಷಾ ಬಾವಿ ಕೊರೆದು, ನೀರು ಎಷ್ಟು ಕೆಳಗಿದೆ, ಮರಳಿನ ಪದರಗಳು ಒಂದಕ್ಕೊಂದು ಕೂಡಿವೆಯೇ ಎಂದು ನೋಡಲಿ.