ಕ್ಯಾಲ್ಸಿಯಂ ಸ್ಕೋರ್ ಯಾರಿಗೆ ಬೇಕು, ಯಾರಿಗೆ ಬೇಡ?

2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡರು. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರಿನಲ್ಲೂ ಅದೇ ಆಯಿತು. ಆ ಭಯ ಸಹಜ. ನನಗೆ ಸಿಟ್ಟು ಬರುವುದು ಅದರ ಬೆನ್ನಿಗೇ ವಾಟ್ಸಾಪ್‌ಗೆ ಬಂದು ಬೀಳುವ ‘ಮೂವತ್ತು ದಾಟಿದವರೆಲ್ಲ ಹಾರ್ಟ್ ಸಿಟಿ ಮಾಡಿಸಿ’ ಅನ್ನೋ ಪ್ಯಾಕೇಜ್ ಮೆಸೇಜುಗಳ ಮೇಲೆ.

ಕ್ಯಾಲ್ಸಿಯಂ ಸ್ಕೋರ್ ಹೇಳುವ ಈ ಸಿಟಿ ಪರೀಕ್ಷೆ ಕೆಟ್ಟದ್ದಲ್ಲ. ಇಂಜೆಕ್ಷನ್ ಇಲ್ಲ, ನಾಳ ಎದ್ದು ಕಾಣಲೆಂದು ರಕ್ತಕ್ಕೆ ಬಿಡುವ ಡೈ ಇಲ್ಲ. ಮಲಗಿ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದರೆ ಮುಗೀತು. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿ ಹಳೆಯದಾದ ಕಡೆ ಕ್ಯಾಲ್ಸಿಯಂ ಕಟ್ಟುತ್ತದೆ. ಸಿಟಿಯಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಅದಕ್ಕೆ ಅಂಕ ಕೊಡುವ ಲೆಕ್ಕವನ್ನು 1990ರಲ್ಲಿ ಅಮೆರಿಕದ ಆರ್ಥರ್ ಆಗಟ್‌ಸ್ಟನ್ ಮತ್ತು ಜೊತೆಗಾರರು ಪ್ರಕಟಿಸಿದರು. ಸೊನ್ನೆ ಬಂದರೆ ಒಳ್ಳೆಯದು, 100 ದಾಟಿದರೆ ಹುಷಾರು, 400 ದಾಟಿದರೆ ತುಂಬಾ ಹುಷಾರು.

ಆದರೆ ಈ ಅಂಕ ಮುಖ್ಯವಾಗಿ ಕೆಲಸಕ್ಕೆ ಬರುವುದು ಒಂದೇ ಪ್ರಶ್ನೆಗೆ. ಕೊಲೆಸ್ಟ್ರಾಲ್ ಮಾತ್ರೆ, ಅಂದರೆ ಸ್ಟ್ಯಾಟಿನ್, ಶುರು ಮಾಡಬೇಕೋ ಬೇಡವೋ? ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರೆ ಹೇಗೂ ಬೇಕು, ಸ್ಕೋರ್ ಕಟ್ಟಿಕೊಂಡು ಏನಾಗಬೇಕು? ಇನ್ನು ಮೂವತ್ತರ ಹುಡುಗನ ನಾಳದಲ್ಲಿ ಕೊಬ್ಬು ಇದ್ದರೂ ಅದು ಇನ್ನೂ ಮೆತ್ತಗಿರಬಹುದು, ಕ್ಯಾಲ್ಸಿಯಂ ಕಟ್ಟಿರಲಿಕ್ಕಿಲ್ಲ. ಸೊನ್ನೆ ಬಂತು ಅಂತ ಅವನು ಖುಷಿಯಾಗಿ ಮತ್ತೊಂದು ಸಿಗರೇಟ್ ಹಚ್ಚುತ್ತಾನೆ. ಎದೆನೋವು ಬಂದವರಿಗಂತೂ ಇದು ಬೇಡವೇ ಬೇಡ. ಅವರು ಓಡಬೇಕಾದ್ದು ಇಸಿಜಿಗೆ.

ಉಳಿದವರು ನಮ್ಮ ಭಾವನಂಥವರು. ಐವತ್ತರ ಮೇಲೆ ವಯಸ್ಸು, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ, ಬಿಪಿ ಗಡಿಯಲ್ಲಿ. ಡಾಕ್ಟರ್ ಮಾತ್ರೆ ಅಂದರೆ ‘ನೋಡೋಣ ಬಿಡಿ ಸಾರ್’ ಅನ್ನುತ್ತಿದ್ದರು. ಅಕ್ಕ ಹೇಳಿ ಹೇಳಿ ಸೋತಿದ್ದಳು. ಸ್ಕೋರ್ 100 ದಾಟಿದ್ದನ್ನು ನೋಡಿದ ಮೇಲೆ ಯಾರೂ ಹೇಳದೆಯೇ ನುಂಗುತ್ತಿದ್ದಾರೆ!

ಸ್ಕಾಟ್ಲೆಂಡಿನಲ್ಲಿ ಎದೆನೋವು ಅಂತ ಬಂದ 4,146 ಜನರ ಮೇಲೆ ನಡೆದ ‘ಸ್ಕಾಟ್-ಹಾರ್ಟ್’ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಅಲ್ಲಿ ಮುಖ್ಯವಾಗಿ ಮಾಡಿದ್ದು ಬೇರೆ ಥರದ್ದು, ಡೈ ಹಾಕಿ ನಾಳವನ್ನೇ ನೋಡುವ ಸಿಟಿ. ಐದು ವರ್ಷದಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಕಂಡವರು ಸಿಟಿ ಇಲ್ಲದ ಗುಂಪಿನಲ್ಲಿ ಶೇ. 3.9, ಸಿಟಿ ಮಾಡಿಸಿದ ಗುಂಪಿನಲ್ಲಿ ಶೇ. 2.3. ಯಂತ್ರ ಯಾರನ್ನೂ ಗುಣ ಮಾಡಲಿಲ್ಲ. ಯಾರಿಗೆ ಮಾತ್ರೆ ಬೇಕೋ ಅವರಿಗೆ ಸಿಕ್ಕಿತು, ಅಷ್ಟೇ.

ಇನ್ನೊಂದು ವಿಷಯ. ಸ್ಕೋರ್ ನೋಡಿ ಅಪಾಯ ಅಳೆಯಲು ಡಾಕ್ಟರುಗಳು ಜಾಸ್ತಿ ನೆಚ್ಚುವುದು ಅಮೆರಿಕದ ‘ಮೆಸಾ’ ಅಧ್ಯಯನವನ್ನು. 2000ದಲ್ಲಿ ಶುರುವಾಯಿತು, 6,814 ಜನ. ಬಿಳಿಯರು, ಕರಿಯರು, ಹಿಸ್ಪಾನಿಕ್ ಮೂಲದವರು, ಚೀನೀ ಮೂಲದವರು ಇದ್ದರು. ನಮ್ಮವರು ಇರಲಿಲ್ಲ. ನಮಗಾಗಿ 2010ರಲ್ಲಿ ಶಿಕಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಕಡೆ ‘ಮಸಾಲಾ’ ಅಧ್ಯಯನ ಬಂತು (ಹೆಸರಿಟ್ಟವರಿಗೆ ನಮಸ್ಕಾರ). ದಕ್ಷಿಣ ಏಷ್ಯಾದ ಗಂಡಸರಲ್ಲಿ ಕ್ಯಾಲ್ಸಿಯಂ ಬಿಳಿಯರಷ್ಟೇ ಇತ್ತು, ಉಳಿದ ಮೂರು ಗುಂಪಿಗಿಂತ ಜಾಸ್ತಿ. ಅದೂ ಅಮೆರಿಕಕ್ಕೆ ಹೋಗಿ ನೆಲೆಸಿದವರ ಲೆಕ್ಕ. ಮಂಡ್ಯ, ರಾಯಚೂರಿನವರ ಲೆಕ್ಕ ಇಲ್ಲೇ ಆಗಬೇಕು.

ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಎಷ್ಟೊಂದು ಜನ ಎದೆಯ ಸಿಟಿ ಮಾಡಿಸಿದ್ದರು, ಅಲ್ವಾ? ಶ್ವಾಸಕೋಶಕ್ಕೆಂದು ತೆಗೆದ ಆ ಚಿತ್ರದಲ್ಲೂ ಹೃದಯದ ನಾಳದ ಕ್ಯಾಲ್ಸಿಯಂ ಬಹಳಷ್ಟು ಸಲ ಕಾಣುತ್ತದೆ. ಹೊಸ ಪ್ಯಾಕೇಜಿಗೆ ದುಡ್ಡು ಸುರಿಯುವ ಮೊದಲು ಆ ಹಳೇ ಸಿಡಿ ಮನೇಲಿ ಇದೆಯಾ ನೋಡಿ. ಇದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ ‘ಕ್ಯಾಲ್ಸಿಯಂ ಕಾಣ್ತಿದೆಯಾ?’ ಅಂತ ಕೇಳಿ.